ಬಿಸಿ ತಿಳಿಯದ ಬೆರಳು

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ನಾಗಲಿಂಗಮ್ಮನ ಖಾನಾವಳಿಗೆ ಬೋರ್ಡು ಇರಲಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಜನ ಒಳಗೆ ಬರುತ್ತಿದ್ದರು. ಕೂಡ್ಲಿಗಿ ಕಡೆಗೋ ಹಡಗಲಿ ಕಡೆಗೋ ಹೊರಟ ಬಸ್ಸಿನ ಡ್ರೈವರು ಹಾರ್ನು ಹೊಡೆದು ಹೊಡೆದು ಸುಸ್ತಾದರೂ, ಹತ್ತಬೇಕಾದವರು ಇಲ್ಲಿ ಕೂತು ಇನ್ನೊಂದು ರೊಟ್ಟಿ ಕೇಳುತ್ತಿದ್ದರೆಂದರೆ ಆಕೆಯ ಕೈಗುಣ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಗಂಡ ತೀರಿಕೊಂಡ ಮೇಲೆ ಒಲೆಯ ಮುಂದೆ ಕೂತವಳು ಆಕೆ. ಮಗಳು ಕಲ್ಯಾಣಮ್ಮನನ್ನು ಬೆಳೆಸಿದ್ದು, ಇಟ್ಟಿಗಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದು, ಎಲ್ಲ ಆ ಒಲೆಯ ಪುಣ್ಯದಿಂದ. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ಕೆಂಡ ಹೊರಗೆ ಉರುಳಿದರೆ ಇಕ್ಕಳ ಹುಡುಕುವ ಪೈಕಿಯಲ್ಲ, ಎರಡು ಬೆರಳಲ್ಲಿ ಎತ್ತಿ ಒಲೆಗೆ ಎಸೆಯುತ್ತಿದ್ದಳು. ಪಕ್ಕದ ಶೆಡ್ಡಿನಲ್ಲಿ ಲಾರಿ ರಿಪೇರಿ ಮಾಡುವ ರಹಿಮಾನ್ ದಿನಾ ಊಟಕ್ಕೆ ಬರುವವನು, "ಬೆಂಕಿನೂ ನಮ್ಮಕ್ಕನ್ನ ಕಂಡ್ರ ಅಂಜತೈತಿ ನೋಡ್ರಿ" ಎಂದು ಹೊಸಬರಿಗೆಲ್ಲ ತೋರಿಸುತ್ತಿದ್ದ. ನಾಗಲಿಂಗಮ್ಮ ಕೇಳಿಸದವಳ ಹಾಗೆ ಮುಖ ಮಾಡುತ್ತಿದ್ದಳು. ಒಳಗೊಳಗೆ ಹಿಗ್ಗುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಆಕೆಗೆ ಹಿಗ್ಗಲು ಇನ್ನೂ ದೊಡ್ಡ ಕಾರಣ ಸಿಕ್ಕಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಕಲ್ಯಾಣಮ್ಮ ಹೆಣ್ಣು ಕೂಸು ಹಡೆದಳು. ಕೂಸಿಗೆ ನೀರು ಹಾಕುವ ಕೆಲಸವನ್ನು ಅಜ್ಜಿ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕಿ, ಧೂಪದ ಹೊಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿ ಮಗಳ ಮಗ್ಗುಲಿಗೆ ಮಲಗಿಸಿ ಬಂದರೆ ಆಕೆಗೆ ಅವತ್ತಿನ ದಿನ ಶುರುವಾದ ಹಾಗೆ.

ಆ ಊಟದ ಮನೆಗೆ ಹೊಸದಾಗಿ ಬರತೊಡಗಿದ್ದವನು ಯರ್ರಿಸ್ವಾಮಿ. ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಶಿಕ್ಷಕ. ರೋಗಕ್ಕೆ ಮದ್ದು ಕೊಡುವುದು ಅವನ ಕೆಲಸವಲ್ಲ, ರೋಗದ ಅರ್ಥ ಹೇಳುವುದು ಅವನ ಕೆಲಸ. ಡಾಕ್ಟರುಗಳು ಇಂಗ್ಲಿಷಿನಲ್ಲಿ ಏನೇನೋ ಅಂದುಬಿಡುತ್ತಾರೆ, ಜನ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ ಮನೆಗೆ ಹೋಗುತ್ತಾರೆ, ಒಂದಕ್ಷರ ತಿಳಿದಿರುವುದಿಲ್ಲ. ಅದಕ್ಕೇ ಒಂದೊಂದು ಹೆಸರನ್ನೂ ಬಿಡಿಸಿ ಹಳ್ಳಿಯವರಿಗೆ ತಿಳಿಯುವ ಹಾಗೆ ಹೇಳಬೇಕೆಂದು ಅವನಿಗೆ ಮೇಲಿನಿಂದ ಹುಕುಂ ಆಗಿತ್ತು. ಊರವರು ಅವನಿಗೆ ರೋಗದ ಮಾಸ್ತರ ಎಂದು ಹೆಸರಿಟ್ಟುಬಿಟ್ಟಿದ್ದರು.

ಮಾಸ್ತರ ಹಂಪಸಾಗರ, ಬಾಗಳಿ ಎಂದು ಊರೂರು ತಿರುಗುವ ಮೊದಲು ತನ್ನ ಅರ್ಥಗಳನ್ನು ಖಾನಾವಳಿಯ ಮಣೆಯ ಮೇಲೆ ಕೂತವರ ಮೇಲೆ ಪ್ರಯೋಗ ಮಾಡುತ್ತಿದ್ದ. ಕಲಸಿದ ಅನ್ನ ಕೈಯಲ್ಲೇ ಇರುತ್ತಿತ್ತು, ಮಾತು ಶುರುವಾಗುತ್ತಿತ್ತು.

"ಅನೀಮಿಯಾ ಅಂದ್ರ ಏನು? ರಕ್ತದಾಗ ಕಸುವು ಕಮ್ಮಿ ಆಗೋದು. ಗುರುತು ಏನಪಾ ಅಂದ್ರ, ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿದ್ರ ಒಳಗ ಕೆಂಪು ಇರಂಗಿಲ್ಲ, ಬೆಳ್ಳಗ ಇರ್ತೈತಿ. ನಾಕು ಮೆಟ್ಟಲಾ ಹತ್ತಿದ್ರ ದಮ್ಮು ಹತ್ತತೈತಿ. ತಿಳೀತಾ?"

ಶೇಂಗಾ ವ್ಯಾಪಾರಿ ಕರಿಸಿದ್ದಪ್ಪನಿಗೆ ತಿಳಿಯಿತು. ತಕ್ಷಣ ಎಡಗೈಯಲ್ಲಿ ಕಣ್ಣಿನ ರೆಪ್ಪೆ ಕೆಳಗೆಳೆದು ಪಕ್ಕದವನ ಕಡೆ ತಿರುಗಿದ. "ನೋಡಪಾ, ಬೆಳ್ಳಗ ಐತೇನು? ನನಗ ಮೆಟ್ಟಲಾ ಹತ್ತಾಕ ಆಗವಲ್ದು." ಕರಿಸಿದ್ದಪ್ಪನ ಮೈ ಹೇಗಿತ್ತೆಂದರೆ ಒಬ್ಬನೇ ಕೂತರೂ ಎರಡು ಮಣೆ ಬೇಕು. ಅವನಿಗೆ ದಮ್ಮು ಹತ್ತುವುದಕ್ಕೆ ರಕ್ತವನ್ನು ಬೈದು ಏನು ಉಪಯೋಗ!

ಮರುದಿನ ಹರ್ನಿಯಾ. "ಹೊಟ್ಟಿ ಅನ್ನೋದು ಒಂದು ಗೋಡಿ. ಭಾರ ಎತ್ತಿ ಎತ್ತಿ ಆ ಗೋಡಿ ಒಂದ್ಕಡಿ ಸಡಲಾಗಿ ಒಳಗಿನ ಕರುಳು ಹೊರಗ ಇಣುಕಿದ್ರ ಅದಕ್ಕ ಹರ್ನಿಯಾ ಅಂತಾರ" ಎಂದ. ಲಾರಿಯ ಗೇರ್ ಬಾಕ್ಸು ಎತ್ತುವ ರಹಿಮಾನ್ ಆ ಮಧ್ಯಾಹ್ನವೆಲ್ಲ ಹೊಟ್ಟೆ ಒತ್ತಿಕೊಂಡು ಓಡಾಡಿದ. ಕಾಮಾಲೆ ಎಂದರೆ ಅದೇ ಒಂದು ರೋಗವಲ್ಲ, ಲಿವರು ಕಷ್ಟದಲ್ಲಿದೆ ಎಂದು ಮೈ ಕಳಿಸುವ ಸುದ್ದಿ ಎಂದು ಹೇಳಿದ ದಿನ ಒಬ್ಬೊಬ್ಬರೂ ಇನ್ನೊಬ್ಬರ ಕಣ್ಣು ನೋಡುವವರೇ. ಅಡ್ಡಗೋಡೆಯ ಆಚೆ ಒಲೆಯ ಮುಂದೆ ಕೂತ ನಾಗಲಿಂಗಮ್ಮನಿಗೆ ನಕ್ಕು ನಕ್ಕು ಸಾಕಾಗುತ್ತಿತ್ತು. ಕೆಲಸಕ್ಕಿದ್ದ ಎರ್ರೆಮ್ಮನಿಗೆ, "ನೋಡಲೇ ಎರ್ರಿ, ಮಾಸ್ತರ ರೋಗ ಬಡಸ್ತಾನ, ಇವರು ಎಲಿ ಒಡ್ಡತಾರ" ಎನ್ನುತ್ತಿದ್ದಳು.

ನಗುವವರಿಗೂ ಒಂದು ದಿನ ಬರುತ್ತದೆ. ನಾಗಲಿಂಗಮ್ಮನಿಗೆ ಅದು ಒಂದು ಸೋಮವಾರ ಬಂತು.

"ಇವತ್ತಿಂದು ಲೆಪ್ರಸಿ" ಎಂದ ಮಾಸ್ತರ. "ನಮ್ಮ ಮಂದಿ ಕುಷ್ಠ, ದೊಡ್ಡರೋಗ ಅಂತಾರಲ್ಲ, ಅದು. ಮೊದ್ಲು ನರ ಅಂದ್ರ ಏನು ಕೇಳ್ರಿ. ನರ ಅಂದ್ರ ಮೈಯಾಗಿನ ಟೆಲಿಫೋನ್ ತಂತಿ. ಸುಟ್ಟಿತು, ತಣ್ಣಗಾತು, ಮುಳ್ಳು ನೆಟ್ಟಿತು ಅಂತ ತೊಗಲಿನ ಸುದ್ದಿ ತಲಿಗೆ ಒಯ್ಯೋದು ಅದು. ಕಣ್ಣಿಗೆ ಕಾಣದಂಥ ಕೀಟಾಣು ಒಳಗ ಹೊಕ್ಕು ಆ ತಂತಿ ಕಡಿಯೋದಕ್ಕ ಲೆಪ್ರಸಿ ಅಂತಾರ. ಗುರುತು ಎರಡು. ಮೈಮ್ಯಾಲ ಬೆಳ್ಳನ್ನ ಮಚ್ಚಿ ಬರ್ತೈತಿ. ಬಿಸಿ ಮುಟ್ಟಿದ್ರ ಬಿಸಿ ಅಂತ ಗೊತ್ತಾಗಂಗಿಲ್ಲ."

ನಾಗಲಿಂಗಮ್ಮನ ಬೆರಳು ಆ ಹೊತ್ತಿನಲ್ಲಿ ಕಾದ ಹಂಚಿನ ಮೇಲಿತ್ತು. ರೊಟ್ಟಿಯ ಅಂಚು ಹಿಡಿದಿದ್ದ ಬೆರಳು. ಆಕೆ ಅದನ್ನೇ ನೋಡಿದಳು. ಬಿಸಿ ಎಂಬ ಸುದ್ದಿ ಎಲ್ಲಿಂದಲೂ ಬರಲಿಲ್ಲ. ಕುಪ್ಪಸದ ತೋಳಿನ ಕೆಳಗೆ ಬೆಳ್ಳನೆಯ ಮಚ್ಚೆಯೊಂದು ಶಿವರಾತ್ರಿಯ ಆಜುಬಾಜಿನಲ್ಲಿ ಕಾಣಿಸಿಕೊಂಡಿತ್ತು. ಸೆಕೆಗೆ ಆಗಿರಬೇಕೆಂದು ಬಿಟ್ಟಿದ್ದಳು. ಈಗ ಮಾಸ್ತರನ ಎರಡು ಗುರುತುಗಳೂ ಆಕೆಯ ಮೈಮೇಲೆಯೇ ಕೂತಿದ್ದವು.

ರೊಟ್ಟಿಯನ್ನು ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಒಳಗೆ ಮಾಸ್ತರನ ದನಿ ಇನ್ನೂ ಕೇಳುತ್ತಿತ್ತು, ಮಾತು ಮಾತ್ರ ಕಿವಿಗೆ ಇಳಿಯಲಿಲ್ಲ. ಆ ದಿನ ಊಟಕ್ಕೆ ಕೂತವರಲ್ಲಿ ಯಾರೂ ತಮ್ಮ ಮೈ ನೋಡಿಕೊಳ್ಳಲಿಲ್ಲ. ಇದೊಂದು ರೋಗ ಯಾರಿಗೂ ಬೇಡವಾಗಿತ್ತು. ಆಕೆಗೆ ನೆನಪಾದದ್ದು ಖಾನಾವಳಿಯಲ್ಲ, ಗಿರಾಕಿಯಲ್ಲ. ಅವತ್ತು ಬೆಳಿಗ್ಗೆ ಇದೇ ಬೆರಳುಗಳಿಂದ ಕೂಸಿನ ಬಾಯೊಳಗಿನ ಹಾಲಿನ ಕರೆ ಒರೆಸಿದ್ದಳು. ಅದು ನೆನಪಾಗಿ ಕೂತ ಕಲ್ಲಿಗೇ ಬೆರಳುಗಳನ್ನು ತಿಕ್ಕಿ ತಿಕ್ಕಿ ಒರೆಸಿದಳು.

ಮಚ್ಚೆಯನ್ನು ಒಂದು ಸಲ ಮುಟ್ಟಿ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೆದರಿದವರು ಹಾಗೆಲ್ಲಿ ಮಾಡುತ್ತಾರೆ! ಬೆರಳನ್ನು ದಿನಕ್ಕೆ ಹತ್ತು ಸಲ ಹಂಚಿಗೆ ಇಟ್ಟು ನೋಡಿದಳು, ಮಚ್ಚೆಯ ಮೇಲೆ ಮಾತ್ರ ಸೆರಗು ಎಳೆದುಕೊಂಡು, ಅದು ತನ್ನ ಮೈಮೇಲೆ ಇಲ್ಲವೇ ಇಲ್ಲವೆಂಬಂತೆ ತಿರುಗಾಡಿದಳು.

ಮರುದಿನ ಬೆಳಿಗ್ಗೆ ಎರ್ರೆಮ್ಮನನ್ನು ಕರೆದು, "ಇನ್ನಮ್ಯಾಲ ಕೂಸಿಗೆ ನೀನ ನೀರು ಹಾಕು. ನನಗ ಸೊಂಟ ಹಿಡಿದೈತಿ" ಎಂದಳು. ರೊಟ್ಟಿಯನ್ನೂ ಅವಳಿಗೇ ವಹಿಸಿ, ತಾನು ದೂರ ಕೂತು ಉಸ್ತುವಾರಿ ಮಾಡಿದಳು. ಎರ್ರೆಮ್ಮ ನಾಲ್ಕು ಕೆಲಸ ಬಲ್ಲವಳೇ, ಆದರೆ ರೊಟ್ಟಿ ಅವಳ ಮಾತು ಕೇಳುತ್ತಿರಲಿಲ್ಲ. ಒಂದು ದಪ್ಪ, ಒಂದು ಹರಕು, ಒಂದು ಅರೆಬೆಂದದ್ದು.

"ಯಕ್ಕಾ, ಈ ರೊಟ್ಟಿ ನನ್ನ ಶೆಡ್ಡಿಗೆ ಕೊಡು. ಲಾರಿ ಗಾಲಿಗೆ ಅಡ್ಡ ಇಡಾಕ ಬರ್ತೈತಿ" ಎಂದ ರಹಿಮಾನ್.

ನಾಗಲಿಂಗಮ್ಮ ನಗಲಿಲ್ಲ. ಎಂಥ ಮಾತಿಗೂ ತಿರುಗಿ ಒಂದು ಒಗೆಯುತ್ತಿದ್ದವಳು ಸುಮ್ಮನೆ ನೆಲ ನೋಡುತ್ತ ಕೂತದ್ದು ಕಂಡು ಅವನೂ ಗಬಗಬ ಉಂಡು ಎದ್ದ.

ಮಗಳಿಗೆ ತಿಳಿಯದಿರುತ್ತದೆಯೇ? ಸೊಂಟ ಹಿಡಿದವಳು ನೀರಿನ ಕೊಡ ಎತ್ತುತ್ತಿದ್ದಾಳೆ, ಹಿಟ್ಟಿನ ಚೀಲ ಎಳೆಯುತ್ತಿದ್ದಾಳೆ. ಕೂಸು ಅತ್ತರೆ ಮಾತ್ರ ಬಾಗಿಲ ಹೊರಗೇ ನಿಂತು, "ಕಲ್ಯಾಣಿ, ಕೂಸು ಅಳಾಕತ್ತೈತಿ ನೋಡು" ಎನ್ನುತ್ತಾಳೆ. ಒಂದು ಸಲ ಕಲ್ಯಾಣಮ್ಮ ತಾನು ಸ್ನಾನಕ್ಕೆ ಹೋಗುವಾಗ ಕೂಸನ್ನು ತಾಯಿಯ ಕೈಗೆ ಕೊಡಲು ಹೋದಳು. ತಾಯಿ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹಿಂದೆ ಸರಿದಳು. ಕಲ್ಯಾಣಮ್ಮ ಅವತ್ತು ಸ್ನಾನ ಮಾಡಲಿಲ್ಲ, ಊಟವನ್ನೂ ಮಾಡಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಟ್ರಂಕು ತೆಗೆದು ಬಟ್ಟೆ ಮಡಚತೊಡಗಿದಳು.

"ಏನಲೇ ಇದು?"

"ನಾಳಿ ಇಟ್ಟಿಗಿಗೆ ಹೊಕ್ಕೀನಿ."

"ಬಾಣಂತಿ, ಹಸಿ ಮೈ! ಐದು ತಿಂಗಳಾಗೋತನಕ ಯಾರು ಬಿಡ್ತಾರ ನಿನ್ನ?"

"ಬ್ಯಾಡಾದ ಮನ್ಯಾಗ ಐದು ತಿಂಗಳು ಏನು ಮಾಡ್ಲಿ ಯವ್ವಾ? ಅಲ್ಲಿ ನಮ್ಮತ್ತಿ ಅದಾಳ. ಬೈದ್ರೂ ಕೂಸು ಎತ್ಕೊಂತಾಳ."

ನಾಗಲಿಂಗಮ್ಮ ಟ್ರಂಕು ಮುಚ್ಚಲು ಹೋಗಿ ಕೈ ಹಿಂದೆ ತೆಗೆದಳು. ನಿಜ ಹೇಳಿದರೆ ಮಗಳು ಎದೆ ಒಡೆದುಕೊಳ್ಳುತ್ತಾಳೆ. ಬೀಗರಿಗೆ ತಿಳಿದರೆ ಮಗಳಿಗೂ ಕೂಸಿಗೂ ಆ ಮನೆಯ ಬಾಗಿಲು ಏನಾಗುತ್ತದೋ! ಹೇಳದೆ ಬಿಟ್ಟರೆ ನಾಳೆ ಇಬ್ಬರೂ ಬಸ್ಸು ಹತ್ತುತ್ತಾರೆ, ಕೂಸನ್ನು ಮತ್ತೆ ಮಡಿಲಿಗೆ ತೆಗೆದುಕೊಳ್ಳುವುದು ಈ ಜನ್ಮದಲ್ಲಿ ಇಲ್ಲ. ಆ ರೋಗ ಹೌದೋ ಅಲ್ಲವೋ, ಯಾರ ಬಾಯಿಂದಲಾದರೂ ಕೇಳಿಬಿಡಬೇಕು ಎಂದು ಆಕೆಗೆ ಆಗ ಅನಿಸಿತು. ಕೊಟ್ಟೂರಿನ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅಲ್ಲಿ ಮಾಸ್ತರ ಇದ್ದ. ಸುದ್ದಿ ಆಕೆಗಿಂತ ಮೊದಲೇ ಮನೆ ಮುಟ್ಟುತ್ತಿತ್ತು.

ಮರುದಿನ ಬೆಳಿಗ್ಗೆ ಹರಪನಹಳ್ಳಿಯ ಬಸ್ಸಿಗೆ ಹೊರಟಳು. "ಮೆಣಸಿನಕಾಯಿ ನೋಡಾಕ ಹೊಕ್ಕೀನಿ. ನಾ ಬರೋತನಕ ಹೋಗಬ್ಯಾಡವಾ" ಎಂದಳು. ಕಲ್ಯಾಣಮ್ಮ ಮುಖ ತಿರುಗಿಸಿ, "ಮಗಳು ಹೋಗೋ ದಿನಾನ ನಿನಗ ಮೆಣಸಿನಕಾಯಿ ನೆನಪಾತು" ಎಂದಳು.

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣುಮಗಳೊಬ್ಬಳು ಡಾಕ್ಟರು. ದಾವಣಗೆರೆ ಕಡೆಯವಳು, ಮಾತಿಗಿಂತ ಮೊದಲು ಕನ್ನಡಕ ಸರಿ ಮಾಡಿಕೊಳ್ಳುವವಳು. ನಾಗಲಿಂಗಮ್ಮ ಬಾಗಿಲು ಹಾಕಿಕೊಂಡು ಬಂದು, ನಿಂತಲ್ಲೇ, "ನನಗ ದೊಡ್ಡರೋಗ ಬಂದೈತ್ರಿ. ಮನ್ಯಾಗ ಸಣ್ಣ ಕೂಸು ಐತಿ. ಅದಕ್ಕೇನರ ಆಗೈತೇನು ಅಷ್ಟ ಹೇಳ್ರಿ ಸಾಕು" ಎಂದುಬಿಟ್ಟಳು.

ಡಾಕ್ಟರಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಳು. "ರೋಗ ಯಾವುದು ಅಂತ ನಾನು ಹೇಳ್ತೀನಿ, ನೀವು ಮಚ್ಚೆ ತೋರಿಸ್ರಿ. ಈಗ ಕಣ್ಣು ಮುಚ್ಕೊಳ್ರಿ. ನಾನು ಎಲ್ಲಿ ಮುಟ್ತೀನೋ ಅಲ್ಲಿ ನಿಮ್ಮ ಬೆರಳು ಇಡ್ರಿ."

ಹತ್ತಿಯ ಎಳೆಯೊಂದು ತೋಳಿನ ಮೇಲೆ ಆಡಿತು. ನಾಗಲಿಂಗಮ್ಮ ಬೆರಳಿಟ್ಟಳು. ಇನ್ನೊಂದು ಕಡೆ ಆಡಿತು, ಅಲ್ಲಿಯೂ ಇಟ್ಟಳು. ಆಮೇಲೆ ಡಾಕ್ಟರಮ್ಮ ಬಿಸಿನೀರಿನ ಗಾಜಿನ ಕೊಳವೆ ತಾಗಿಸಿದಳು. "ಬಿಸಿ ಐತ್ರಿ" ಎಂದಳು. ಡಾಕ್ಟರಮ್ಮ ತಣ್ಣಗಿನದು ತಾಗಿಸಿದಳು. ಮೈ ಜುಮ್ಮೆಂದಿತು.

"ಕಣ್ಣು ತೆಗೀರಿ. ಇಷ್ಟು ಹೊತ್ತು ನಾನು ಮುಟ್ಟಿದ್ದು ಎಲ್ಲಾ ಮಚ್ಚೆ ಮೇಲೇನೇ. ಎಲ್ಲಾ ಸರಿ ಹೇಳಿದ್ರಿ. ಲೆಪ್ರಸಿ ಮಚ್ಚೆ ಆಗಿದ್ರೆ ಅದರೊಳಗೇ ಜೋಮು ಇರುತ್ತೆ, ಗೊತ್ತಾಗ್ತಿರಲಿಲ್ಲ. ಇದು ಟೀನಿಯಾ ವರ್ಸಿಕಲರ್."

ನಾಗಲಿಂಗಮ್ಮನ ಜೀವ ಮತ್ತೆ ಹಾರಿತು. ಇಷ್ಟುದ್ದದ ಹೆಸರಿನ ರೋಗ ಬಂದವರು ಎಲ್ಲಿ ಉಳಿಯುತ್ತಾರೆ! "ಅಂದ್ರ ಏನ್ರಿ ಅದು?"

"ಅಂದ್ರೆ ಚಿಬ್ಬು."

"ಚಿಬ್ಬಾ?"

"ಹೂಂ. ಬೆವರು ನಿಲ್ಲೋ ಕಡೆ ಚರ್ಮದ ಮೇಲೆ ಬೆಳೆಯೋ ಬೂಷ್ಟು. ಉಪ್ಪಿನಕಾಯಿ ಮೇಲೆ ಬರಲ್ವಾ, ಹಂಗೆ. ಮುಲಾಮು ಕೊಡ್ತೀನಿ, ಹೋಗುತ್ತೆ."

"ಚಿಬ್ಬು ನನಗ ಗೊತ್ತಿಲ್ಲೇನ್ರಿ! ನಮ್ಮ ಓಣ್ಯಾಗ ಅರ್ಧ ಮಂದಿಗೆ ಐತಿ" ಎಂದವಳು, ತಟ್ಟನೆ ನೆನಪಾಗಿ ಎರಡೂ ಕೈ ಮುಂದೆ ಚಾಚಿದಳು. "ಆದ್ರ ಬೆರಳು ನೋಡ್ರಿ ಇವನ್ನ. ಇವು ಸತ್ತಾವ. ಹಂಚಿಗೆ ಇಟ್ರೂ ಬಿಸಿ ಗೊತ್ತಾಗಂಗಿಲ್ಲ."

ಡಾಕ್ಟರಮ್ಮ ಬೆರಳಿನ ತುದಿ ಒತ್ತಿದಳು, ಬೆರಳಿನ ಹಿಂಬದಿಗೆ ಸೂಜಿ ತಾಗಿಸಿದಳು. ನಾಗಲಿಂಗಮ್ಮ "ಹಾ" ಎಂದು ಕೈ ಎಳೆದುಕೊಂಡಳು.

"ಏನು ಕೆಲಸ ಮಾಡ್ತೀರಿ?"

"ಖಾನಾವಳಿ ಐತ್ರಿ. ರೊಟ್ಟಿ ಬಡೀತೀನಿ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಇದಕ್ಕೂ ಒಂದು ಉದ್ದದ ಹೆಸರೈತೆ. ಹೈಪರ್ ಕೆರಟೋಸಿಸ್."

"ಅದಂದ್ರ?"

"ಜಡ್ಡು. ವರ್ಷಗಟ್ಟಲೆ ಹಂಚು ಮುಟ್ಟಿ ಮುಟ್ಟಿ ತುದಿಯ ಚರ್ಮ ದಪ್ಪ ಆಗೈತೆ. ನರಕ್ಕೆ ಏನೂ ಆಗಿಲ್ಲ, ಬಿಸಿ ಅಷ್ಟು ಆಳಕ್ಕೆ ಇಳಿಯಲ್ಲ, ಅಷ್ಟೇ. ಮತ್ತೊಂದು ಹೇಳ್ತೀನಿ ಕೇಳ್ರಿ. ಅದೇ ರೋಗ ಆಗಿದ್ರೂ ಹಿಂಗೆ ಹೆದರಬೇಕಾಗಿರಲಿಲ್ಲ. ಗುಳಿಗೆ ಐತೆ, ನುಂಗಿದ್ರೆ ವಾಸಿ ಆಗುತ್ತೆ." ಚೀಟಿ ಬರೆದು ಕೊಡುತ್ತ, "ಮನೇಲಿ ಕೂಸೈತೆ ಅಂದ್ರಲ್ಲ, ನೀರಿನ ಬಿಸಿಯನ್ನ ಈ ಬೆರಳಲ್ಲಿ ನೋಡಬೇಡ್ರಿ. ಮೊಣಕೈ ಅದ್ದಿ ನೋಡ್ರಿ" ಎಂದಳು.

ನಾಗಲಿಂಗಮ್ಮ ಹೂಂ ಎಂದಳು. ಆ ಹೊತ್ತಿಗೆ ಡಾಕ್ಟರಮ್ಮ ಬಾವಿಗೆ ಬೀಳು ಎಂದಿದ್ದರೂ ಹೂಂ ಅನ್ನುತ್ತಿದ್ದಳು. ಅಷ್ಟು ಹಗುರಾಗಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತನ್ನಷ್ಟಕ್ಕೆ ನಕ್ಕಳು. ಪಕ್ಕದ ಮುದುಕಿ ಇವಳಿಗೇನೋ ಆಗಿದೆಯೆಂದು ಗಂಟನ್ನು ತನ್ನ ಕಡೆ ಎಳೆದುಕೊಂಡಳು. ನಾಗಲಿಂಗಮ್ಮ ಕಡಿಮೆ ಎಂದರೂ ನಾಲ್ಕು ಸಲ "ಚಿಬ್ಬು" ಎಂದು ಬಾಯಲ್ಲಿ ಅಂದುಕೊಂಡಳು. ದೇವರ ಹೆಸರಿನಷ್ಟೇ ರುಚಿಯಾಗಿತ್ತು ಅದು.

ಕೊಟ್ಟೂರಿಗೆ ಬಂದಾಗ ಊಟದ ಹೊತ್ತು. ಮನೆಯೊಳಗೆ ಹೋಗಬೇಕೆಂದರೆ ಖಾನಾವಳಿ ದಾಟಿಯೇ ಹೋಗಬೇಕು. ಮಾಸ್ತರ ಎರ್ರೆಮ್ಮನ ರೊಟ್ಟಿಯೊಂದಿಗೆ ಗುದ್ದಾಡುತ್ತ ಕೂತಿದ್ದ.

"ಏನ್ರಿ ಮಾಸ್ತರ, ಅರ್ಥ ಹೇಳ್ತೀರಲ್ಲ, ಪೂರಾ ಹೇಳಬಾರದೇನ್ರಿ? ಜೋಮು ಇರಬೇಕಾದ್ದು ಮಚ್ಚಿ ಒಳಗ ಅಂತ ಯಾಕ ಹೇಳಲಿಲ್ಲ? ಗುಳಿಗಿ ಐತಿ ಅಂತ ಯಾಕ ಹೇಳಲಿಲ್ಲ?"

ಮಾಸ್ತರನಿಗೆ ತುತ್ತು ನೆತ್ತಿಗೇರಿತು. "ಗುಳಿಗಿ ಐತಿ ಅಂತ ಹೇಳಿದ್ನಲ್ರಿ ಅವ್ವಾರ, ಅವತ್ತ ಹೇಳೀನಿ!"

"ಹೇಳ್ಯಾರ ಯಕ್ಕಾ" ಎಂದ ರಹಿಮಾನ್. "ಮುಟ್ಟಿದ ಕೂಡ್ಲೆ ಬರೋ ರೋಗ ಅಲ್ಲ ಅಂತಾನೂ ಹೇಳ್ಯಾರ. ನೀ ಹಿತ್ತಲಕ್ಕ ಎದ್ದು ಹೋಗಿದ್ದಿಯಲ್ಲ."

ನಾಗಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೋತು ಗೊತ್ತಿದ್ದವಳಲ್ಲ. "ಹಂಗಿದ್ರ ಗುಳಿಗಿ ಮೊದ್ಲು ಹೇಳ್ರಿ, ರೋಗ ಆಮ್ಯಾಲ ಹೇಳ್ರಿ. ಅರ್ಧಕ್ಕ ಎದ್ದು ಹೋಗೋರು ಬದುಕ್ಲಿ" ಎಂದಳು. ಮಾಸ್ತರ, "ಮಚ್ಚಿದು ಬಿಟ್ಟಿದ್ದು ನನ್ನದ ತಪ್ಪು. ಹಂಗ ಮಾಡ್ತೀನ್ರಿ, ಖರೇನ ಹಂಗ ಮಾಡ್ತೀನಿ" ಎಂದು ತಲೆಯಾಡಿಸಿದ. ಆಕೆ ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು.

ಕಲ್ಯಾಣಮ್ಮ ಟ್ರಂಕಿನ ಪಕ್ಕ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಸಿದ್ಧವಾಗಿ ಕೂತಿದ್ದಳು. ನಾಗಲಿಂಗಮ್ಮ ಅವಳೆದುರು ಕುಕ್ಕರಿಸಿ, ಹಂಚು, ಮಚ್ಚೆ, ಹತ್ತಿಯ ಎಳೆ, ಚಿಬ್ಬು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಗಳಿಗೆ ಮೊದಲು ಸಿಟ್ಟು ಬಂತು, ಸಿಟ್ಟಿನ ಹಿಂದೆ ಅಳು ಬಂತು.

"ನಾ ಏನು ತಿಳ್ಕೊಂಡಿದ್ದೆ ಗೊತ್ತೈತೇನು ನಿನಗ? ಹೆಣ್ಣು ಹಡೆದೆ ಅಂತ ನಿನಗ ಬ್ಯಾಸರ ಆಗೈತಿ ಅಂತ ತಿಳ್ಕೊಂಡಿದ್ದೆ."

"ನಾ ಹಡೆದದ್ದೂ ಹೆಣ್ಣ ಅಲ್ಲೇನಲೇ ಹುಚ್ಚಿ?" ಎಂದಳು ನಾಗಲಿಂಗಮ್ಮ.

ಕಲ್ಯಾಣಮ್ಮ ಕಣ್ಣೊರೆಸಿಕೊಂಡು ಕೂಸನ್ನು ಎತ್ತಿ ತಾಯಿಯ ಕೈಗೆ ಕೊಟ್ಟಳು. ಬೆಳಿಗ್ಗೆ ಎರ್ರೆಮ್ಮ ನೀರು ಹಾಕಿದ್ದರೂ ಅಜ್ಜಿ ಕೇಳಲಿಲ್ಲ. ಇನ್ನೊಮ್ಮೆ ಹಾಕಿದರೆ ಕೂಸೇನು ಕರಗುತ್ತದೆಯೇ! ಹಂಡೆಯ ನೀರು ಬಕೀಟಿಗೆ ತೋಡಿ, ತಣ್ಣೀರು ಬೆರೆಸಿ, ಎಂದಿನಂತೆ ಬೆರಳದ್ದಿ ನೋಡಿದಳು. ಹದವಾಗಿತ್ತು. ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡಳು. ಚೊಂಬು ಎತ್ತಿದವಳಿಗೆ ಡಾಕ್ಟರಮ್ಮನ ಮಾತು ನೆನಪಾಗಿ, ಹೇಳಿದ್ದಾಳಲ್ಲ, ಅದನ್ನೂ ಮಾಡಿಬಿಡೋಣವೆಂದು ಮೊಣಕೈಯನ್ನು ಬಕೀಟಿಗೆ ಅದ್ದಿದಳು.

"ಯವ್ವಾ!" ಎಂದು ಕೈ ಕಿತ್ತುಕೊಂಡಳು. "ಸುಡತೈತಲ್ಲೇ ಇದು!"

ಕಲ್ಯಾಣಮ್ಮ ಬಂದು ತಾನೂ ಬೆರಳದ್ದಿ, ತಕ್ಷಣ ಹೊರಗೆ ತೆಗೆದಳು. "ದಿನಾ ಇಷ್ಟ ಬಿಸಿ ಹಾಕ್ತಿದ್ದೇನು ನೀನು? ಅದಕ್ಕ ಬಸ್ ಸ್ಟ್ಯಾಂಡಿಗೆಲ್ಲ ಕೇಳಂಗ ಕಿರಚತಿತ್ತು! ನಾನು ಕೇಳಿದ್ರ, ನೀರು ಹಾಕುವಾಗ ಅತ್ರ ಕೂಸಿಗೆ ಕಸುವು ಬರ್ತೈತಿ ಅಂತಿದ್ದಿ."

ನಾಗಲಿಂಗಮ್ಮ ತನ್ನ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡಳು. ಇಲ್ಲದ ರೋಗಕ್ಕೆ ಹೆದರಿ ಕೂಸನ್ನು ದೂರ ಇಟ್ಟಿದ್ದಳು. ಹೆದರುವುದಕ್ಕೆ ಮೊದಲು, ಇಷ್ಟು ಪ್ರೀತಿಯಿಂದ, ದಿನಾ ಬೆಳಿಗ್ಗೆ ಅದಕ್ಕೆ ಬಿಸಿ ನೀರು ಸುರಿದಿದ್ದಳು. "ತಣ್ಣೀರು ತಾರಲೇ" ಎಂದಳು. ಮಗಳು ಒಂದು ಕೊಡ ಸುರಿದಳು. ನಾಗಲಿಂಗಮ್ಮ ಮೊಣಕೈ ಅದ್ದಿ, "ಇನ್ನಾ ಸ್ವಲ್ಪ" ಎಂದಳು. ಮತ್ತೂ ಒಮ್ಮೆ ನೋಡಿದಳು. ಆಮೇಲೆ ಮೊದಲ ಚೊಂಬನ್ನು ಕೂಸಿನ ಎದೆಯ ಮೇಲೆ ಮೆಲ್ಲಗೆ ಬಿಟ್ಟಳು.

ಕೂಸು ಕಿರುಚಲೆಂದು ಬಾಯಿ ತೆರೆದದ್ದು, ಕಿರುಚಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತ, ಕೈಕಾಲು ಸಡಿಲ ಬಿಟ್ಟು, ಎರಡನೆಯ ಚೊಂಬಿಗೆ ಆಕಳಿಸಿತು. ಅದರ ಬದಲು ನಾಗಲಿಂಗಮ್ಮನೇ, ಅಡ್ಡಗೋಡೆಯ ಆಚೆ ಉಣ್ಣುತ್ತಿದ್ದವರಿಗೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಅತ್ತಳು.